ಇತಿಹಾಸ, ಐತಿಹ್ಯ, ಐತಿಹಾಸಿಕ ಕಾದಂಬರಿ

ಮಹಾಭಾರತದ ಕಥೆಯನ್ನು ಆಧರಿಸಿದ ಕಾದಂಬರಿಗಳನ್ನು 'ಐತಿಹಾಸಿಕ ಕಾದಂಬರಿ' ಎಂದು ಕರೆಯುವ ರೂಢಿ ಕಾಸರಗೋಡಿನ ಕಡೆಯ ಬರಹಗಳಲ್ಲಿ ಹೆಚ್ಚುತ್ತಿದೆ. ಈಚೆಗೆ ಗ್ರಂಥಾಲಯವೊಂದರಲ್ಲಿ ಅದೇ ಹೆಸರಿನ ಚೀಟಿ ಅಂಟಿಸಿದ ಕಪಾಟಿನಲ್ಲಿ ಮಹಾಭಾರತದ ಕಥೆಯನ್ನು ಹೇಳುವ ಭೈರಪ್ಪನವರ 'ಪರ್ವ'ವೂ ಚಿತ್ರದುರ್ಗದ ಮದಕರಿ ನಾಯಕನ ಕಥೆಯಾದ ತ.ರಾ.ಸು. ಅವರ 'ದುರ್ಗಾಸ್ತಮಾನ'ವೂ ಒತ್ತಾಗಿ ನಿಂತಿದ್ದವು. ಪಕ್ಕದ ಕಪಾಟಿನ ಚೀಟಿಯಲ್ಲಿ 'ಕಾಲ್ಪನಿಕ' ಎಂದಿತ್ತು. ಮೊದಲನೆಯ ಚೀಟಿ ಗಡಿನಾಡಿನ ಗೊಂದಲ, ಎರಡನೆಯದು ಬರಿಯ ಉದಾಸೀನ.

ಗಡಿನಾಡಿನ ಗೊಂದಲ ಎಂದದ್ದಕ್ಕೆ ಕಾರಣವಿದೆ. 'ಇತಿ-ಹ-ಆಸ', ಅಂದರೆ 'ಇದು ಹೀಗೆಯೇ ನಡೆದಿತ್ತು' ಎಂಬ ಮೂರು ಸಂಸ್ಕೃತ ಪದಗಳು ಕೂಡಿ ಇತಿಹಾಸ ಶಬ್ದವಾಗಿದೆ, ಮತ್ತು ಮಹಾಭಾರತವು ತನ್ನನ್ನು ತಾನೇ ಇತಿಹಾಸವೆಂದು ಕರೆದುಕೊಂಡಿದೆ. ಮಲಯಾಳ, ತಮಿಳು, ತೆಲುಗುಗಳು ಆ ಹಳೆಯ ಅರ್ಥವನ್ನೇ ಉಳಿಸಿಕೊಂಡವು: ಅಲ್ಲಿ ರಾಮಾಯಣ, ಮಹಾಭಾರತಗಳು ಇತಿಹಾಸಗಳು, ರಾಜ್ಯಗಳ ಏಳುಬೀಳಿನ ವೃತ್ತಾಂತಕ್ಕೆ ಮಲಯಾಳದಲ್ಲಿ 'ಚರಿತ್ರಂ' ಎಂಬ ಬೇರೆ ಪದವಿದೆ. ಕನ್ನಡ ಮತ್ತು ಮರಾಠಿಗಳು ಇತಿಹಾಸ ಶಬ್ದವನ್ನು ಶಾಸನ, ದಾಖಲೆ, ಇಸವಿಗಳ ಶಾಸ್ತ್ರಕ್ಕೆ ಬಿಟ್ಟುಕೊಟ್ಟವು. ಹೀಗಾಗಿ ಮಲಯಾಳ ಪತ್ರಿಕೆಯೊಂದು ಯಾವುದೋ ಹೋರಾಟವನ್ನು 'ಐತಿಹಾಸಿಕ' ಎಂದರೆ ಅದು ಮಹಾಕಾವ್ಯಕ್ಕೆ ಸಲ್ಲುವಂಥದ್ದು ಎಂಬ ಹೊಗಳಿಕೆ. ಅದೇ ಪದವನ್ನು ಅದೇ ಅರ್ಥದಲ್ಲಿ ಎತ್ತಿಕೊಂಡು ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಭೀಮಸೇನನೂ ಚಿತ್ರದುರ್ಗದ ಮದಕರಿ ನಾಯಕನೂ ಒಂದೇ ಕಪಾಟಿಗೆ ಬಂದು ಸೇರುತ್ತಾರೆ.

ಇದಕ್ಕೆ 'ಐತಿಹ್ಯ' ಬಂದು ಸೇರಿದರೆ ಗೊಂದಲ ಪೂರ್ಣವಾಗುತ್ತದೆ. ಮೊದಲು ಹೇಳಿದವರು ಯಾರೆಂದು ತಿಳಿಯದೆ, 'ಹೀಗಂತೆ' ಎಂದು ಬಾಯಿಂದ ಬಾಯಿಗೆ ಬಂದ ಮಾತು ಐತಿಹ್ಯ. ಅದನ್ನು ಪ್ರಮಾಣಗಳಲ್ಲಿ, ಅಂದರೆ ನಿಜವಾದ ಅರಿವಿನ ಸಾಧನಗಳಲ್ಲಿ, ಒಂದೆಂದು ಎಣಿಸಬೇಕೇ ಎಂದು ಹಳೆಯ ತಾರ್ಕಿಕರು ಚರ್ಚಿಸಿದ್ದಾರೆ. ಅವರು ಕೊಡುವ ಉದಾಹರಣೆ, 'ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸವಾಗಿದ್ದಾನೆ' ಎಂಬುದು. ಕುಂಬಳೆಯ ಸಮೀಪದ ಅನಂತಪುರದಲ್ಲಿ ಬಿಲ್ವಮಂಗಲ ಸ್ವಾಮಿಗಳ ಬಳಿ ಬಾಲಕನಾಗಿದ್ದ ದೇವರು ಗುಹೆಯೊಳಗೆ ಮರೆಯಾದನೆಂಬುದು ಐತಿಹ್ಯ. ಶಿವಪ್ಪ ನಾಯಕನು 1645ರಿಂದ 1660ರವರೆಗೆ ಕೆಳದಿಯನ್ನು ಆಳಿದನೆಂಬುದು ಇತಿಹಾಸ. ಐತಿಹ್ಯಕ್ಕೆ ಇತಿಹಾಸದ ವಿಶೇಷಣವಾದ 'ಐತಿಹಾಸಿಕ'ವನ್ನು ಬಳಸುವವರು ಯಾವುದಕ್ಕೂ ಗೌರವ ತೋರಿಸಿದಂತಾಗುವುದಿಲ್ಲ. ವಿಚಿತ್ರವೆಂದರೆ, ನಮ್ಮ ಊರಿನ ಯಕ್ಷಗಾನದ ಪ್ರೇಕ್ಷಕರು ಈ ತಪ್ಪನ್ನು ಮಾಡುವುದೇ ಇಲ್ಲ. ಬಯಲಾಟದ ಕರಪತ್ರ ಕೈಗೆ ಬಂದೊಡನೆ ಪ್ರಸಂಗವು ಪೌರಾಣಿಕವೋ, ಐತಿಹಾಸಿಕವೋ, ಕಾಲ್ಪನಿಕವೋ ಎಂದು ಕೇಳುವವರು 'ಕರ್ಣಪರ್ವ'ವನ್ನು ಪೌರಾಣಿಕವೆಂದೇ ಹೇಳುತ್ತಾರೆ. ಪುಸ್ತಕದ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ಎಲ್ಲಿ ಹೋಗುತ್ತದೆಯೋ ತಿಳಿಯದು.

ಹಾಗಾದರೆ ಪವಾಡಗಳನ್ನೆಲ್ಲ ಕಳಚಿ, ಮಹಾಭಾರತದ ಪಾತ್ರಗಳನ್ನು ನಮ್ಮಂತಹ ಮನುಷ್ಯರನ್ನಾಗಿಸಿದ 'ಪರ್ವ' (1979) ಐತಿಹಾಸಿಕವಾಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಪವಾಡವನ್ನು ತೆಗೆದ ಮಾತ್ರಕ್ಕೆ ದಾಖಲೆ ಹುಟ್ಟುವುದಿಲ್ಲ. ಮಾಸ್ತಿಯವರು 'ಚಿಕವೀರ ರಾಜೇಂದ್ರ'ವನ್ನು ಬರೆಯುವಾಗ 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾದದ್ದನ್ನು ಬದಲಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ; ಐತಿಹಾಸಿಕ ಕಾದಂಬರಿಯ ಲಕ್ಷಣ ಆ ಕಟ್ಟುಪಾಡಿನಲ್ಲಿದೆ. ಬೇಕಲ ಕೋಟೆಯ ಬುರುಜಿನ ಮೇಲೆ ಎಲ್ಲಿಯೂ ಹೆಸರಿಲ್ಲದ ಕಾವಲುಗಾರನೊಬ್ಬನನ್ನು ಸೃಷ್ಟಿಸಿ, ಅವನಿಗೆ ಹೆಂಡತಿ, ಸಾಲ, ಹಲ್ಲುನೋವು ಎಲ್ಲವನ್ನೂ ಕೊಡಲು ಕಾದಂಬರಿಕಾರನಿಗೆ ಹಕ್ಕಿದೆ. ಆದರೆ ಶಿವಪ್ಪ ನಾಯಕನ ಕಾಲದ ಆ ಕೋಟೆಯಲ್ಲಿ, 1799ರಲ್ಲಿ ಟಿಪ್ಪು ಮಡಿದ ಮೇಲಷ್ಟೇ ಈ ಸೀಮೆಗೆ ಕಾಲಿಟ್ಟ ಕಂಪನಿಯ ಕಲೆಕ್ಟರನನ್ನು ತಂದು ಕೂರಿಸುವ ಹಕ್ಕಿಲ್ಲ. ಅಂತಹ ಪುಸ್ತಕಗಳನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ. ತಿಳಿದ ವಸ್ತುವಿನದು ಆಖ್ಯಾಯಿಕೆ, ಕಲ್ಪಿಸಿದ್ದು ಕಥೆ ಎಂದು ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶವೇ ಬೇರ್ಪಡಿಸಿದೆ. ಬಾಣಭಟ್ಟನ 'ಹರ್ಷಚರಿತ' ಮೊದಲನೆಯ ಬಗೆಯದು, 'ಕಾದಂಬರಿ' ಎರಡನೆಯ ಬಗೆಯದು. ಮಲಯಾಳದಲ್ಲಿ ಸಿ.ವಿ. ರಾಮನ್ ಪಿಳ್ಳೆಯವರ 'ಮಾರ್ತಾಂಡವರ್ಮ' (1891) ಮಾದರಿಯ ಕೃತಿಗಳಿಗೆ 'ಚರಿತ್ರಾಖ್ಯಾಯಿಕ' ಎಂಬ ಹೆಸರಿದೆ. ನೆರೆಯವರಿಂದ ಪದ ತರುವುದೇ ಆಗಿದ್ದರೆ ಇದನ್ನು ತರಬಹುದಿತ್ತು.

ಇನ್ನು 'ಕಾಲ್ಪನಿಕ' ಎಂಬ ಚೀಟಿ. ಕಾದಂಬರಿ ಎಂದ ಮೇಲೆ ಕಲ್ಪನೆ ಇದ್ದೇ ಇದೆ. ಈ ಪ್ರಕಾರಕ್ಕೆ ತನ್ನ ಹೆಸರನ್ನೇ ಕೊಟ್ಟ ಬಾಣನ ಕೃತಿಯಲ್ಲಿ ಗಿಳಿಯೊಂದು ಕಥೆ ಹೇಳುತ್ತದೆ, ಚಂದ್ರನು ಮನುಷ್ಯನಾಗಿ ಹುಟ್ಟಿ ಪ್ರೇಮದಲ್ಲಿ ಬೀಳುತ್ತಾನೆ. ಫ್ಯಾಂಟಸಿಗೆ ಬೇರೆ ಹೆಸರು ಬೇಕಿದ್ದರೆ 'ಅದ್ಭುತ ಕಾದಂಬರಿ' ಎನ್ನಬಹುದು. ಅದು ಹೊರಗಿನ ಯಾವ ದಾಖಲೆಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವಾದರೂ, ತಾನೇ ಹಾಕಿಕೊಂಡ ನಿಯಮವನ್ನು ಮೀರಕೂಡದು. ಮೂರನೆಯ ಅಧ್ಯಾಯದಲ್ಲಿ ಮಂತ್ರಕ್ಕೆ ಬೆಲೆ ತೆರಬೇಕೆಂದು ಹೇಳಿ, ಮೂವತ್ತನೆಯದರಲ್ಲಿ ನಾಯಕನಿಗೆ ಅದನ್ನು ಪುಕ್ಕಟೆಯಾಗಿ ಕೊಡುವ ಲೇಖಕರನ್ನು ನಾನು ಕ್ಷಮಿಸುವುದಿಲ್ಲ. ವೈಜ್ಞಾನಿಕ ಕಾದಂಬರಿಯ ಬಗ್ಗೆ ನನ್ನ ಅಭಿರುಚಿ ಸಣ್ಣದು: ಗ್ರಹಾಂತರದ ಯುದ್ಧಗಳಿಗಿಂತ, ಒಂದೇ ಒಂದು 'ಹೀಗಾದರೆ' ಎಂಬ ಊಹೆಯನ್ನು ಕೊನೆಯವರೆಗೆ ಪ್ರಾಮಾಣಿಕವಾಗಿ ಬೆಳೆಸುವ ಕೃತಿಗಳು ನನಗೆ ಇಷ್ಟ. ತೇಜಸ್ವಿಯವರ 'ಕರ್ವಾಲೊ' (1980) ಈ ಗುಂಪಿಗೆ ಸೇರುವುದೇ ಎಂಬ ವಾದ ಬಂದಾಗ, ಹಾರುವ ಓತಿ ಇರುವುದರಿಂದ ಅದು ಫ್ಯಾಂಟಸಿ ಎಂದು ಯಾರಾದರೂ ಹೇಳಿದರೆ, ಅವರು ಮೊದಲು ನಮ್ಮ ಕಡೆಯ ಅಡಿಕೆ ತೋಟಕ್ಕೆ ಬಂದು, ಒಂದು ಮರದಿಂದ ಇನ್ನೊಂದು ಮರಕ್ಕೆ ಅದು ತೇಲಿ ಹೋಗುವುದನ್ನು ನೋಡಿಕೊಂಡು ಹೋಗುವುದು ಒಳ್ಳೆಯದು.