ಬಸವನಹುಳು ಕೇಸ್ ಮತ್ತು ಎರಡು ಸಾಲಿನ ಗೈಡ್

ಪರೀಕ್ಷೆ ಹತ್ತಿರ ಬಂತು ಅಂದರೆ ಕಾನೂನು ಓದುವ ಮಕ್ಕಳು ನನ್ನನ್ನು ಕೇಳುವುದು ಒಂದೇ, "ಸರ್, ಯಾವ ಗೈಡ್ ಓದಲಿ?" ಯಾವುದಾದರೂ ಓದಿ. ಯಾವಾಗ ಓದುತ್ತೀರಿ ಅನ್ನೋದೇ ಮುಖ್ಯ.

ಬ್ರಿಟನ್ನಿನ 1932ರ ಡೊನಹ್ಯೂ ವರ್ಸಸ್ ಸ್ಟೀವನ್‌ಸನ್ ಕೇಸನ್ನೇ ನೋಡಿ. ಟಾರ್ಟ್ಸ್, ಅಂದರೆ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಓದುವವರಿಗೆಲ್ಲ ಇದು ಬಸವನಹುಳು ಕೇಸ್. ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಹುಳು, ಬಳಕೆದಾರರ ವಿಷಯದಲ್ಲಿ ತಯಾರಕ ಎಚ್ಚರದಿಂದಿರಬೇಕು ಅಂತ ಗೈಡ್‌ನಲ್ಲಿ ಎರಡು ಸಾಲು ಇರುತ್ತದೆ. ಸರಿಯಾಗಿಯೇ ಇದೆ. ಆದರೆ ಪರೀಕ್ಷೆಯಲ್ಲಿ ಅದೇ ಹುಳು ಮತ್ತೆ ಬರುವುದಿಲ್ಲ, ಅಲ್ವಾ? ಒಳಗಿರುವುದೆಲ್ಲ ಕಾಣುವ ಬಾಟಲಿ ಬರುತ್ತದೆ, ಇಲ್ಲವೇ ಅಂಗಡಿಯವನು ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿ ಮಾರಿದ ಡಬ್ಬಿ ಬರುತ್ತದೆ. ಆಗ ಆ ಎರಡು ಸಾಲು ಕೈಕೊಡುತ್ತದೆ.

ತೀರ್ಪು ಓದಿದವರು ಹಾಗೆ ಸಿಕ್ಕಿಬೀಳುವುದಿಲ್ಲ. ಪಾನೀಯ ಕುಡಿದು ತಯಾರಕ ಸ್ಟೀವನ್‌ಸನ್ ಮೇಲೆ ಕೇಸ್ ಹಾಕಿದ್ದು ಡೊನಹ್ಯೂ ಎಂಬ ಮಹಿಳೆ. ಆದರೆ ಅದಕ್ಕೆ ದುಡ್ಡು ಕೊಟ್ಟದ್ದು ಜೊತೆಗಿದ್ದ ಸ್ನೇಹಿತರು, ಹಾಗಾಗಿ ಆಕೆಗೆ ಯಾರ ಜೊತೆಗೂ ಒಪ್ಪಂದವೇ ಇರಲಿಲ್ಲ. ಬಾಟಲಿಯ ಗಾಜು ಒಳಗೇನಿದೆ ಅಂತ ಕಾಣದಷ್ಟು ಕಪ್ಪು, ಮಧ್ಯದಲ್ಲಿ ಯಾರೂ ಪರೀಕ್ಷಿಸಿ ನೋಡುವ ಹಾಗಿರಲಿಲ್ಲ. ತೀರ್ಪು ಕೊಟ್ಟವರಲ್ಲಿ ಒಬ್ಬರಾದ ಲಾರ್ಡ್ ಆಟ್ಕಿನ್ ಹೇಳಿದ ತಯಾರಕನ ಹೊಣೆ ನಿಂತಿರುವುದು ಇಂಥ ಸಂಗತಿಗಳ ಮೇಲೆ. ಐವರು ನ್ಯಾಯಾಧೀಶರಲ್ಲಿ ಇಬ್ಬರು ಒಪ್ಪಲಿಲ್ಲ. ಅವರ ಭಿನ್ನಮತವನ್ನೂ ಓದಿ, ಎದುರು ಪಕ್ಷದವರ ವಾದ ಪೂರ್ತಿಯಾಗಿ ಸಿಗುವುದು ಅಲ್ಲೇ. ಅಂದಹಾಗೆ, ಹುಳು ನಿಜವಾಗಿ ಇತ್ತೋ ಇಲ್ಲವೋ ಅನ್ನೋದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಆಕೆ ಹೇಳಿದ್ದು ನಿಜ ಅಂತ ಇಟ್ಟುಕೊಂಡು ಕಾನೂನಿನ ಪ್ರಶ್ನೆಯನ್ನಷ್ಟೇ ತೀರ್ಮಾನಿಸಿದರು.

ಅದಕ್ಕೇ ಮೊದಲು ತೀರ್ಪು ಓದಿ, ಸಂಗತಿ, ಪ್ರಶ್ನೆ, ತೀರ್ಮಾನ, ಕಾರಣ ಇಷ್ಟನ್ನು ನಿಮ್ಮದೇ ಮಾತಲ್ಲಿ ಅರ್ಧ ಪುಟ ಬರೆದುಕೊಳ್ಳಿ. ಆಮೇಲೆ ಗೈಡ್ ತೆರೆದು ಪಕ್ಕದಲ್ಲಿಟ್ಟು ನೋಡಿ. ನೀವು ಬಿಟ್ಟದ್ದು ಅಲ್ಲಿ ಸಿಗುತ್ತದೆ, ಎಷ್ಟೋ ಸಲ ಗೈಡ್ ಬಿಟ್ಟದ್ದು ನಿಮ್ಮ ಹಾಳೆಯಲ್ಲಿ ಇರುತ್ತದೆ. ಸೀನಿಯರ್‌ಗಳ ನೋಟ್ಸ್‌ಗೂ ಇದೇ ಮಾತು. ಫ್ಲ್ಯಾಶ್‌ಕಾರ್ಡ್ ಒಂದು ಅಪರಾಧಕ್ಕೆ ಬೇಕಾದ ಅಂಶಗಳನ್ನು ಬಾಯಿಪಾಠ ಮಾಡಲು ಸಾಕು, ಅದಕ್ಕಿಂತ ಜಾಸ್ತಿ ಅದರಿಂದ ಬೇಡ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಹಳೆಯ ಪ್ರಶ್ನೆಪತ್ರಿಕೆ. ಸುಮ್ನೆ ಓದಿ ಪಕ್ಕಕ್ಕಿಡಬೇಡಿ. ಪುಸ್ತಕ ಮುಚ್ಚಿ, ಗಡಿಯಾರ ಎದುರಿಟ್ಟುಕೊಂಡು ಪೂರ್ತಿ ಉತ್ತರ ಬರೆಯಿರಿ. ಮಾರನೇ ದಿನ ಪೆನ್ಸಿಲ್ ಹಿಡಿದು ಕೂತು, ಪ್ರಶ್ನೆಯಲ್ಲಿ ಕೊಟ್ಟ ಒಂದೊಂದೇ ಸಂಗತಿ ನಿಮ್ಮ ಉತ್ತರದಲ್ಲಿ ಎಲ್ಲಿ ಬಂದಿದೆ ಅಂತ ಹುಡುಕಿ ಗುರುತು ಹಾಕಿ. ಗುರುತು ಬೀಳದೆ ಉಳಿದ ಸಂಗತಿ ಯಾವುದೋ, ಮುಂದೆ ಓದಬೇಕಾದ ತೀರ್ಪು ಅದಕ್ಕೆ ಸಂಬಂಧಿಸಿದ್ದು.