ಅಚ್ಚಿನಲ್ಲೇ ಹುಟ್ಟಿದ ಜೋಡಿ ಅಕ್ಷರ

ಬಳ್ಳಾರಿಯ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಮೊನ್ನೆ ಎರಡು ರೂಪಾಯಿಯ ನಾಣ್ಯವೊಂದನ್ನು ನನ್ನ ಅಂಗೈಗೆ ಹಾಕಿದರು. "ಸರ್, ಇದರಾಗ ಇಸ್ವಿ ಎರಡೆರಡು ಕಾಣ್ತೈತಿ. ಇಂಥದಕ್ಕ ಲಕ್ಷ ಬರ್ತೈತಂತ ಮೊಬೈಲ್‌ನಾಗ ಬಂದೈತಿ, ಖರೇನಾ?"

ಲೆನ್ಸ್ ಹಿಡಿದು ನೋಡಿದೆ. ಅಂಕಿಗಳ ಪಕ್ಕ ಸಪಾಟಾದ ಒಂದು ಮೆಟ್ಟಿಲು, ಅಷ್ಟೆ. ನಾಣ್ಯ ಒತ್ತುವ ಗಳಿಗೆಯಲ್ಲಿ ಯಂತ್ರದ ಅಚ್ಚು ಸಡಿಲವಾಗಿ ಅಲುಗಿದ ಗುರುತು. ಇದರ ಬೆಲೆ ಎರಡೇ ರೂಪಾಯಿ. ಸಂಗ್ರಹಕಾರರು ಹುಡುಕುವ 'ಡಬಲ್ಡ್ ಡೈ' ಬೇರೆಯೇ.

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಆರತಿ ಮಾಡುತ್ತೇವೆ ಅಲ್ವಾ? ಆನೆಯ ಆಕಾರದ ಕಟ್ಟಿಗೆ ಅಚ್ಚಿಗೆ ಪಾಕ ಹೊಯ್ದಾಗ ಅಚ್ಚು ಅಲುಗಿದರೆ ಆ ಒಂದು ಆನೆ ಕೆಡುತ್ತದೆ. ಆದರೆ ಅಚ್ಚು ಕೆತ್ತಿದವನೇ ಆನೆಗೆ ಎರಡು ಸೊಂಡಿಲು ಕೆತ್ತಿದ್ದರೆ? ಅದರಿಂದ ಬರುವ ಪ್ರತಿ ಆನೆಗೂ ಎರಡು ಸೊಂಡಿಲು. ಸೀಲ್ ಮಾಡಿಸುವಾಗಲೇ ಅಕ್ಷರ ಜೋಡಿಯಾಗಿದ್ದರೆ, ಆಮೇಲೆ ಎಷ್ಟು ಹುಷಾರಾಗಿ ಒತ್ತಿದರೂ ಜೋಡಿಯೇ. ಡಬಲ್ಡ್ ಡೈ ಅಂದರೆ ಇದೇ.

ಅಚ್ಚಿನಲ್ಲಿ ಈ ತಪ್ಪು ಹೇಗೆ ಬರುತ್ತದೆ ಅನ್ನುವುದೇ ನನಗೆ ಬಹಳ ಖುಷಿ ಕೊಡುವ ಭಾಗ. 'ಹಬ್' ಎಂಬ ಗಟ್ಟಿ ಉಕ್ಕಿನ ತುಂಡಿನ ಮೇಲೆ ಚಿತ್ರ ನಾಣ್ಯದಲ್ಲಿರುವಂತೆಯೇ ಉಬ್ಬಿರುತ್ತದೆ. ಅದನ್ನು ಮೆತ್ತನೆಯ ಉಕ್ಕಿಗೆ ಒತ್ತಿದರೆ ಚಿತ್ರ ತಗ್ಗಾಗಿ ಇಳಿಯುತ್ತದೆ. ಅದೇ ಅಚ್ಚು. ಹಳೆಯ ಪದ್ಧತಿಯಲ್ಲಿ ಒಂದೇ ಸಲಕ್ಕೆ ಪೂರ್ತಿ ಆಳ ಸಿಗುತ್ತಿರಲಿಲ್ಲ. ಒತ್ತಿದಷ್ಟೂ ಉಕ್ಕು ಬಿರುಸಾಗುತ್ತದೆ. ತಂತಿಯನ್ನು ಒಂದೇ ಕಡೆ ಹತ್ತು ಸಲ ಬಗ್ಗಿಸಿ ನೋಡಿ, ಬರಬರುತ್ತಾ ಸೆಟೆದುಕೊಳ್ಳುತ್ತದೆ. ಕಮ್ಮಾರ ಕಬ್ಬಿಣವನ್ನು ಮತ್ತೆ ಕುಲುಮೆಗೆ ಇಡುವಂತೆ, ಟಂಕಸಾಲೆಯವರೂ ಅಚ್ಚನ್ನು ಕಾಯಿಸಿ, ಆರಿಸಿ, ಮೆತ್ತಗೆ ಮಾಡಿ ಇನ್ನೊಮ್ಮೆ ಒತ್ತುತ್ತಿದ್ದರು. ಆ ಎರಡನೆಯ ಸಲ ಹಬ್ ಕೂದಲೆಳೆಯಷ್ಟು ತಿರುಗಿ ಕೂತರೂ ಮುಗಿಯಿತು.

ಬೀಸುವ ಕಲ್ಲು ನೆನಪಿಸಿಕೊಳ್ಳಿ. ಗೂಟದ ಹತ್ತಿರ ಕಲ್ಲು ಸರಿಯುವುದು ಚೂರೇ ಚೂರು, ಅಂಚಿನಲ್ಲಿ ಜಾಸ್ತಿ. ಹಬ್ ತಿರುಗಿದಾಗಲೂ ಹಾಗೆಯೇ. ಅಮೆರಿಕದ 1955ರ ಒಂದು ಸೆಂಟ್‌ನಲ್ಲಿ ಲಿಂಕನ್ ಮುಖ ಹೆಚ್ಚುಕಡಿಮೆ ಸರಿಯಾಗಿದೆ. ಸುತ್ತಲಿನ ಅಕ್ಷರ, ಇಸವಿ ಮಾತ್ರ ಬರಿಗಣ್ಣಿಗೇ ಜೋಡಿ ಕಾಣುತ್ತವೆ. ಫಿಲಡೆಲ್ಫಿಯಾ ಟಂಕಸಾಲೆಗೆ ತಪ್ಪು ಗೊತ್ತಾಗುವ ಹೊತ್ತಿಗೆ ಅವು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತಿದ್ದವು. 20 ಸಾವಿರಕ್ಕೂ ಹೆಚ್ಚು ಹೊರಗೆ ಹೋದವು. ಕಾಸು ಹಾಕಿ ಸಿಗರೇಟ್ ಕೊಳ್ಳುವ ಯಂತ್ರದ ಪ್ಯಾಕಿನೊಳಗೆ ಚಿಲ್ಲರೆಯಾಗಿ ಎಷ್ಟೋ ಜನರಿಗೆ ಸಿಕ್ಕವು.

ಹಂಪಿಯ ಕಾಲದ ವರಾಹಗಳಲ್ಲೂ ಜೋಡಿ ಗೆರೆ ಕಂಡರೆ ಅದು ಡಬಲ್ಡ್ ಡೈ ಆಗಬೇಕಿಲ್ಲ. ಅವು ಸುತ್ತಿಗೆಯಲ್ಲಿ ಹೊಡೆದ ನಾಣ್ಯಗಳು. ಎರಡನೆಯ ಏಟು ಸರಿದು ಬಿದ್ದರೆ ಆ ಒಂದೇ ನಾಣ್ಯದಲ್ಲಿ ಜೋಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವರಾಹ, ಅದರರ್ಧದ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗದ ಪಣ ಎಂದು ಲೆಕ್ಕ ಬರೆದಿಟ್ಟಿದ್ದಾನೆ. ನಾವು ಇವತ್ತಿಗೂ 'ಹಣ' ಅನ್ನುವುದು ಆ ಪುಟ್ಟ ಚಿನ್ನದ ಬಿಲ್ಲೆಯ ಹೆಸರನ್ನೇ!

ವೈಷ್ಣೋದೇವಿ ನಾಣ್ಯ, 786 ನೋಟು ಅಂತ ಲಕ್ಷದ ಆಸೆ ಹುಟ್ಟಿಸುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೇ ನಾಣ್ಯ ಮಾರಿಸಿಕೊಡುತ್ತೇವೆಂದು ಕಮಿಷನ್ ಕೇಳುವವರೂ ಇದ್ದಾರೆ. 2021ರಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಬದಲಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದು ಕೊಳ್ಳಿ. ನಿಜವಾದ ಜೋಡಿಯಲ್ಲಿ ಎರಡೂ ರೂಪಗಳು ದುಂಡಗೆ ಉಬ್ಬಿರುತ್ತವೆ, ಅಕ್ಷರದ ಮೂಲೆಗಳು ಸೀಳಿದಂತೆ ಕಾಣುತ್ತವೆ. ಯಂತ್ರ ಅಲುಗಿದ್ದಾದರೆ ಸಪಾಟು ಮೆಟ್ಟಿಲು, ಅದು ಅಕ್ಷರದ ದಪ್ಪವನ್ನೇ ಕೊರೆದಿರುತ್ತದೆ. ಇಷ್ಟನ್ನು ಅಂಗಡಿಯವರಿಗೆ ತೋರಿಸಿದೆ. ಅವರು ಲೆನ್ಸ್ ಇಸಿದುಕೊಂಡು, ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದರು.