ಪಾಪ, ಒಂಟಿಯಾಗಿದೆ ಅಂತ ಇನ್ನೊಂದು ನೈಫ್‌ಫಿಶ್ ತರಬೇಡಿ

ಬ್ಲ್ಯಾಕ್ ಗೋಸ್ಟ್ ನೈಫ್‌ಫಿಶ್ ಎಂಬ ದಕ್ಷಿಣ ಅಮೆರಿಕದ ಕಪ್ಪು ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಮನೆಗಳಲ್ಲಿ ಬಹುತೇಕ ಒಂದೇ ಕಥೆ. ಮೂರು ಇಂಚಿನ ಮರಿ ಬರುತ್ತದೆ. ಎರಡು ವಾರವಾದರೂ ಅಡಗಲು ಇಟ್ಟ ಪೈಪಿನಿಂದ ಮುಖ ಹೊರಗೆ ಹಾಕುವುದಿಲ್ಲ. 'ಪಾಪ, ಒಂಟಿಯಾಗಿದೆ, ಜೊತೆಗೊಂದು ತಂದುಬಿಡಿ' ಎಂದು ಮನೆಯವರೇ ಮರುಗುತ್ತಾರೆ. ಆ ಮರುಕ ನಿಜವಾದದ್ದು, ಅದಕ್ಕೇ ಗದರಲು ಮನಸ್ಸು ಬರುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ನೋಡಿದರೆ ಎರಡರಲ್ಲಿ ಒಂದರ ಬಾಲ ಮೊಂಡಾಗಿರುತ್ತದೆ. ಅದು ತೊಟ್ಟಿಯ ಮೇಲ್ಮೂಲೆಯಲ್ಲಿ ಹೀಟರಿನ ಹಿಂದೆ ನಿಂತು ಊಟ ಬಿಟ್ಟಿರುತ್ತದೆ.

'ಅಂಗಡಿಯಲ್ಲಿ ಹತ್ತು ಒಂದೇ ಪೈಪಿನೊಳಗೆ ಮಲಗಿದ್ದವಲ್ಲ' ಎಂದು ಕೇಳುವವರೇ ಹೆಚ್ಚು. ಮಲಗಿದ್ದದ್ದು ಹೌದು. ಮರಿಗಳು ಕಿಕ್ಕಿರಿದಿದ್ದಾಗ ಯಾವುದಕ್ಕೂ ಜಾಗ ಹಿಡಿಯಲು ಆಗುವುದಿಲ್ಲ, ಕಾಟ ಹತ್ತರ ನಡುವೆ ಹಂಚಿಹೋಗುತ್ತದೆ. ಎರಡೇ ಇದ್ದರೆ ಅಷ್ಟೂ ಒಂದರ ತಲೆಯ ಮೇಲೆ. ಇವು ಮುಂದೆ ಒಂದೂವರೆ ಅಡಿಯವರೆಗೆ ಬೆಳೆಯುವ ಮೀನುಗಳು ಎಂಬುದನ್ನೂ ಅಂಗಡಿಯ ತೊಟ್ಟಿ ಹೇಳುವುದಿಲ್ಲ.

ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ, ಅದನ್ನು ನಿಧಾನವಾಗಿ ಹೇಳುತ್ತೇನೆ. ಈ ಮೀನು ಕತ್ತಲ ನೀರಿನಲ್ಲಿ ಕಣ್ಣಿನಿಂದ ನೋಡುವುದು ಕಡಿಮೆ, ವಿದ್ಯುತ್ತಿನಿಂದ ನೋಡುವುದು ಹೆಚ್ಚು. ಅದರ ದೇಹದೊಳಗಿನ ವಿದ್ಯುತ್ ಅಂಗ ಸೆಕೆಂಡಿಗೆ ಸುಮಾರು 1000 ಸಲ ಮಿಡಿಯುತ್ತದೆ. ಹಗಲು, ರಾತ್ರಿ, ನಿದ್ದೆ, ಎಚ್ಚರ, ಯಾವಾಗಲೂ ನಿಲ್ಲುವುದಿಲ್ಲ. ಹತ್ತಿರ ಕಲ್ಲೋ ಹುಳುವೋ ಬಂದರೆ ಸುತ್ತಲಿನ ವಿದ್ಯುತ್ ಕ್ಷೇತ್ರ ಸೊಟ್ಟಗಾಗುತ್ತದೆ, ಆ ಸೊಟ್ಟವನ್ನು ಚರ್ಮ ಓದುತ್ತದೆ. ಅದೇ ಜಾತಿಯ ಇನ್ನೊಂದು ಮೀನು ಪಕ್ಕಕ್ಕೆ ಬಂದು ಎರಡರ ಆವರ್ತನ, ಅಂದರೆ ಸೆಕೆಂಡಿಗೆ ಮಿಡಿಯುವ ಸಂಖ್ಯೆ, ಕೆಲವೇ ಹರ್ಟ್ಜ್ ಅಂತರದಲ್ಲಿದ್ದರೆ, ರಾತ್ರಿ ಮೀಡಿಯಂ ವೇವ್ ರೇಡಿಯೋದಲ್ಲಿ ಒಂದು ಕೇಂದ್ರದ ಮೇಲೆ ಇನ್ನೊಂದು ಬಂದು ಕೂತಂತೆ ಆಗುತ್ತದೆ. ಇಂಥ ಹೊತ್ತಿನಲ್ಲಿ ಇದರ ನೆಂಟನಾದ, ಮೈ ಪಾರದರ್ಶಕವಾಗಿರುವ ಗ್ಲಾಸ್ ನೈಫ್‌ಫಿಶ್ ತನ್ನ ಆವರ್ತನವನ್ನೇ ಸರಿಸಿಕೊಳ್ಳುತ್ತದೆ ಎಂದು ಜಪಾನಿನ ವಟನಬೆ ಮತ್ತು ತಕೆದಾ 1963ರಲ್ಲೇ ತೋರಿಸಿದ್ದಾರೆ.

ಆವರ್ತನ ಸರಿಸಿಕೊಂಡರೆ ಗಲಿಬಿಲಿ ತಗ್ಗುತ್ತದೆ. ಎದುರಾಳಿ ಅಲ್ಲೇ ಇದ್ದಾನೆಂಬ ಅರಿವು ಮಾತ್ರ ಹೋಗುವುದಿಲ್ಲ. ಒಂದರ ಮಿಡಿತ ಇನ್ನೊಂದಕ್ಕೆ ಸುಮಾರು ಒಂದು ಮೀಟರ್ ದೂರದವರೆಗೆ ತಿಳಿಯುತ್ತದೆ. ಮೂರಡಿ ತೊಟ್ಟಿಯ ಉದ್ದ 91 ಸೆಂಟಿಮೀಟರ್. ಸೋತ ಮೀನು ಯಾವ ಮೂಲೆಗೆ ಹೋದರೂ ಗೆದ್ದದ್ದರ ಅಂಗಳದಲ್ಲೇ ಇರುತ್ತದೆ. ಗಿಡ ನೆಟ್ಟು ಮರೆ ಮಾಡಿದರೆ ನಮ್ಮ ಕಣ್ಣಿಗೆ ಮರೆ, ಅದಕ್ಕಲ್ಲ. ಜಾಲರಿಯ ಅಡ್ಡಗೋಡೆ ಕಚ್ಚಾಟ ತಡೆಯುತ್ತದೆ, ವಿದ್ಯುತ್ ತಡೆಯುವುದಿಲ್ಲ. ಪಿವಿಸಿ ಪೈಪು, ದಪ್ಪ ಕಲ್ಲುಚಪ್ಪಡಿ, ಅಕ್ರಿಲಿಕ್ ಹಲಗೆಗಳು ವಿದ್ಯುತ್ ಹರಿಯಲು ಬಿಡದ ವಸ್ತುಗಳಾದ್ದರಿಂದ ಸ್ವಲ್ಪ ಮಟ್ಟಿಗೆ ನಿಜವಾದ ಮರೆ ಕೊಡುತ್ತವೆ.

ಹಾಗಾದರೆ ಹಲವು ಬ್ಲ್ಯಾಕ್ ಗೋಸ್ಟ್‌ಗಳನ್ನು ಸಾಕಲೇಬಾರದೇ? ಸಾಕಬಹುದು, ಖಾತರಿ ಇಲ್ಲ. ಎರಡು ಮೂರರ ಲೆಕ್ಕ ಬಿಟ್ಟುಬಿಡಿ, ಒಂದು ಅಥವಾ ಐದಾರು. ಐದಾರಕ್ಕೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಕನಿಷ್ಠ. ಅದು ಸುಮಾರು 680 ಲೀಟರ್. ಇದೂ ಬೆಳೆದ ಮೇಲೆ ಸಾಲದೆ ಹೋಗಬಹುದು. ಎಲ್ಲವೂ ಒಂದೇ ಅಳತೆಯ ಮರಿಗಳಾಗಿರಲಿ, ಒಂದೇ ದಿನ, ದೀಪ ಆರಿಸಿದ ಮೇಲೆ ಬಿಡಿ. ಮೀನಿಗಿಂತ ಎರಡು ಮೂರು ಪೈಪು ಹೆಚ್ಚಿರಲಿ. ಪೈಪು ಮೀನಿಗಿಂತ ಉದ್ದವಾಗಿರಬೇಕು, ಎರಡೂ ತುದಿ ತೆರೆದಿರಬೇಕು. ಒಂದೇ ಬಾಯಿಯ ಗೂಡಿನಲ್ಲಿ ಸಿಕ್ಕಿಬಿದ್ದ ಮೀನಿಗೆ ಓಡಲು ದಾರಿಯಿಲ್ಲ. ಪೈಪಿನ ಕಡಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಮೀನಿನ ಚರ್ಮ ಬಲು ಮೆದು. ಫಿಲ್ಟರ್ ನೀರೆಳೆಯುವ ಬಾಯಿಗೆ ಸ್ಪಂಜು ತೊಡಿಸಿ, ತಳಕ್ಕೆ ನಯವಾದ ಮರಳು ಹಾಸಿ. ಊಟವನ್ನು ಕತ್ತಲಾದ ಮೇಲೆ ಮೂರು ನಾಲ್ಕು ಕಡೆ ಹಂಚಿ ಹಾಕಿ. ಒಂದೇ ಕಡೆ ಹಾಕಿದರೆ ಬಲಶಾಲಿ ಅಲ್ಲೇ ಕಾವಲು ಕೂರುತ್ತದೆ.

ಉಪ್ಪಿನ ಮಾತೂ ಆಗಿಬಿಡಲಿ. ಬಾಲದಲ್ಲಿ ಗಾಯ ಕಂಡ ಕೂಡಲೇ ಒಂದು ಹಿಡಿ ಕಲ್ಲುಪ್ಪು ಸುರಿಯುವ ಅಭ್ಯಾಸ ಬಹಳ ಮಂದಿಗಿದೆ. ಈ ಮೀನುಗಳ ವಿದ್ಯುತ್ ಇಂದ್ರಿಯ ಅಮೆಜಾನ್ ಸೀಮೆಯ ಲವಣ ಕಡಿಮೆಯಿರುವ ಮೆದು ನೀರಿಗೆ ಹೊಂದಿಕೊಂಡದ್ದು. ಉಪ್ಪು ಬಿದ್ದರೆ ನೀರಿನ ವಿದ್ಯುತ್ ವಾಹಕತೆ ಏರುತ್ತದೆ, ಮೊದಲೇ ಹೆದರಿದ ಮೀನಿನ ದೃಷ್ಟಿಯೂ ಮಂಜಾಗುತ್ತದೆ. ಗಡಸು ಬೋರ್‌ವೆಲ್ ನೀರೂ ಇದೇ ಕಾರಣಕ್ಕೆ ಒಳ್ಳೆಯದಲ್ಲ, ಆರ್‌ಒ ನೀರು ಬೆರೆಸಿಕೊಳ್ಳಿ. ತಾಮ್ರ ಇರುವ ಔಷಧಿ ಬೇಡ. ಗಾಯಕ್ಕೆ ಮೊದಲ ಚಿಕಿತ್ಸೆ ಬೇರೆ ತೊಟ್ಟಿ ಮತ್ತು ಶುದ್ಧ ನೀರು. ಬಾಲ ನಿಧಾನವಾಗಿ ಮತ್ತೆ ಬೆಳೆಯುತ್ತದೆ.

ಇನ್ನೊಂದು ಗೊಂದಲ ಹೆಸರಿನದು. ಕ್ಲೌನ್ ನೈಫ್‌ಫಿಶ್ ಏಷ್ಯಾದ್ದು, ಅರೋವಾನ ಮೀನಿನ ದೂರದ ನೆಂಟ. ನಮ್ಮ ಕಾವೇರಿ, ತುಂಗಭದ್ರೆಯಲ್ಲಿ ಬಲೆಗೆ ಬೀಳುವ ಚಪ್ಪಟೆ ಮೀನು ನೋಟಾಪ್ಟೆರಸ್ ಕೂಡ ಅದೇ ಮನೆತನದ್ದು. ಬ್ಲ್ಯಾಕ್ ಗೋಸ್ಟ್‌ಗೂ ಅವಕ್ಕೂ ಆಕಾರ ಬಿಟ್ಟರೆ ಸಂಬಂಧವಿಲ್ಲ. ಕ್ಲೌನ್ ಒಂದು ಮೀಟರ್‌ವರೆಗೆ ಬೆಳೆಯಬಲ್ಲದು, ಬಾಯಿಗೆ ಹಿಡಿಸಿದ ಗೋಸ್ಟನ್ನು ನುಂಗುತ್ತದೆ. 'ಎರಡೂ ನೈಫೇ ಅಲ್ಲವಾ' ಎಂದು ಜೊತೆ ಹಾಕಬೇಡಿ. ದೊಡ್ಡದಾಯಿತೆಂದು ಕೆರೆಗೆ ಬಿಡಲೂಬೇಡಿ.

ಗುಂಪೇ ಬೇಕೆನ್ನುವವರಿಗೆ ಗ್ಲಾಸ್ ನೈಫ್‌ಫಿಶ್ ಇದೆ. ಕಾಡು ಹೊಳೆಗಳಲ್ಲೂ ಗುಂಪಾಗಿ ಬದುಕುವ ಮೀನು. ಐದಡಿ ತೊಟ್ಟಿಯಲ್ಲಿ ಆರು ಹಾಕಬಹುದು, ಅವುಗಳಲ್ಲೂ ಮೇಲು ಕೀಳು ಇದ್ದೇ ಇರುತ್ತದೆ. ಯಾವ ಗುಂಪು ಸಾಕಿದರೂ ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಸಿ ನೀರು ಪಕ್ವವಾದ ಒಂದು ಹೆಚ್ಚುವರಿ ತೊಟ್ಟಿ ಸದಾ ಓಡುತ್ತಿರಲಿ. ವಾರಕ್ಕೊಮ್ಮೆ ರಾತ್ರಿ ಮಂದ ಬೆಳಕಿನಲ್ಲಿ ಬಾಲಗಳನ್ನು ಎಣಿಸಿ. ಬ್ಲ್ಯಾಕ್ ಗೋಸ್ಟ್‌ನ ಬಾಲದಲ್ಲಿ ಎರಡು ಬಿಳಿ ಪಟ್ಟಿ ಇರಬೇಕು. ಒಂದೇ ಕಂಡರೆ ಆ ಮೀನನ್ನು ಬೆಳಗಿನವರೆಗೆ ಕಾಯದೆ ಆಗಲೇ ಬೇರೆ ಮಾಡಿ.